ಹನ್ನೆರಡು ‘ನಾ’, ಹನ್ನೊಂದು ಕೋಲು

ಮೂರು ವರ್ಷದ ಹಿಂದಿನ ಬೇಸಿಗೆಯ ಮಾತು. ಆಗ ನಾನು ಪಾವಗಡ ತಾಲ್ಲೂಕಿನ ಒಂದು ಸೋಲಾರ್ ಘಟಕದಲ್ಲಿ ಪ್ಯಾನೆಲ್ ತೊಳೆಯುವ ಹೆಂಗಸರ ಗುಂಪಿಗೆ ಮೇಸ್ತ್ರಿಯಾಗಿದ್ದೆ. ವಯಸ್ಸು ಅರವತ್ತೊಂದು, ಮೊಮ್ಮಕ್ಕಳು ಐದು, ಓದು ಮೂರನೇ ಕ್ಲಾಸು. ಹುಟ್ಟಿದ್ದು ಮಧುಗಿರಿ ತಾಲ್ಲೂಕಿನ ಬಡವನಹಳ್ಳಿ ಹತ್ತಿರ, ಮದುವೆ ಮಾಡಿ ಕೊಟ್ಟಿದ್ದು ಪಾವಗಡದ ಕಡೆಗೆ. ನನ್ನ ಕೈಕೆಳಗೆ ಹನ್ನೆರಡು ಹೆಂಗಸರು, ಒಂದು ಟ್ರ್ಯಾಕ್ಟರು, ಅದರ ಹಿಂದೊಂದು ನೀರಿನ ಟ್ಯಾಂಕರು.

ಕೆಲಸ ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಪ್ಯಾನೆಲ್ ಮೇಲೆ ಧೂಳು ಕೂತರೆ ಕರೆಂಟು ಕಡಿಮೆಯಾಗುತ್ತದೆ. ಅದಕ್ಕೆ ನೀರು ಹಾಯಿಸಿ, ಉದ್ದ ಕೋಲಿನ ವೈಪರ್‌ನಲ್ಲಿ ಉಜ್ಜಬೇಕು. ಬಿಸಿಲು ಏರುವ ಮೊದಲೇ ಮುಗಿಸಬೇಕು. ಕಾದ ಗಾಜಿಗೆ ತಣ್ಣೀರು ಬಿದ್ದರೆ ಸೀಳು ಬಿಡುತ್ತದೆ. ಕಬ್ಬಿಣದ ಕಾಲಿನ ಮೇಲೆ ಪ್ಯಾನೆಲ್‌ಗಳನ್ನು ಸಾಲಾಗಿ ಕೂರಿಸಿರುತ್ತಾರೆ. ಅದಕ್ಕೆ ಟೇಬಲ್ ಅನ್ನುತ್ತಾರೆ. ಎರಡು ಸಾಲಿನ ನಡುವಿನ ಓಣಿ ಒಂದು ಟ್ರ್ಯಾಕ್ಟರಿಗೆ ಸರಿಹೋಗುವಷ್ಟೇ ಅಗಲ. ಓಣಿಯ ಕೊನೆಗೆ ತಂತಿಬೇಲಿ. ಒಳಗೆ ಹೋದ ಗಾಡಿ ರಿವರ್ಸ್‌ನಲ್ಲೇ ಹೊರಗೆ ಬರಬೇಕು.

ಆದ್ದರಿಂದ ರಿವರ್ಸ್ ಹಾಕುವ ಮೊದಲು ನಾನು ಒಬ್ಬೊಬ್ಬರ ಹೆಸರು ಕೂಗುತ್ತಿದ್ದೆ. ಟೇಬಲ್‌ಗಳ ಮರೆಯಲ್ಲಿ ಯಾರು ಎಲ್ಲಿದ್ದಾರೆಂದು ಕಾಣುವುದಿಲ್ಲ, ದನಿಯೇ ಗತಿ. ಮೊದಮೊದಲು “ಇದ್ದೀನಿ ಮೇಸ್ತ್ರಮ್ಮ” ಅನ್ನುತ್ತಿದ್ದರು. ದಿನಾ ಕೂಗುವವಳಿಗೂ ಬೇಜಾರು, ಅನ್ನುವವರಿಗೂ ಬೇಜಾರು. ಬರುಬರುತ್ತಾ ಅದು ಮೊಂಡಾಗಿ “ನಾ” ಅಂತ ಒಂದಕ್ಷರಕ್ಕೆ ಬಂದು ನಿಂತಿತು.

ಈ ‘ನಾ’ದ ಕಥೆ ನನಗೆ ಅಲ್ಲೇ ಗೊತ್ತಾಗಿದ್ದು. ಗುಂಪಿನಲ್ಲಿ ಮೂರು ಭಾಷೆ. ನಮ್ಮ ಮಧುಗಿರಿ ಕಡೆಯವರಿಗೆ ‘ನಾ’ ಅಂದರೆ ನಾನು. ಆಂಧ್ರದ ಗಡಿ ಊರಿನ ಪದ್ಮಕ್ಕನಿಗೆ ‘ನಾ’ ಅಂದರೆ ನನ್ನ: ‘ನಾ ಚೀರ’ ಅಂದರೆ ನನ್ನ ಸೀರೆ, ‘ನಾ ಬಿಡ್ಡ’ ಅಂದರೆ ನನ್ನ ಮಗು. ಶಿರಾದಿಂದ ಬಂದ ಹಸೀನಾಳ ಬಾಯಲ್ಲಿ ಅದೇ ‘ನಾ’ ಮಾತಿನ ಮುಂದೆ ಅಂಟಿಕೊಂಡರೆ ಇಲ್ಲ ಅಂತ ಅರ್ಥ. ಪಸಂದ್ ಅಂದರೆ ಇಷ್ಟ, ನಾಪಸಂದ್ ಅಂದರೆ ಇಷ್ಟವಿಲ್ಲ. ನಾವೂ ನಾಪಾಸು, ನಾಪತ್ತೆ ಅನ್ನುತ್ತೇವಲ್ಲ, ಅದು ಅವರ ಕಡೆಯದೇ ಅಂತೆ. ಒಂದೇ ಅಕ್ಷರ, ಒಂದು ಮನೆಯಲ್ಲಿ ಆಳು, ಒಂದು ಮನೆಯಲ್ಲಿ ಆಸ್ತಿ, ಇನ್ನೊಂದು ಮನೆಯಲ್ಲಿ ಏನೂ ಇಲ್ಲ.

ಡ್ರೈವರ್ ತಿಪ್ಪೇಶನಿಗೆ ಇದು ದಿನದ ತಮಾಷೆ. “ಏನ್ರಮ್ಮಾ, ಕರುದ್ರೆ ಒಬ್ರು ನಾನು ಅಂತೀರ, ಒಬ್ರು ನಂದು ಅಂತೀರ, ಇನ್ನೊಬ್ರು ಇಲ್ಲ ಅಂತೀರ. ಗಾಡಿ ಬುಡ್ಲೋ ಬ್ಯಾಡ್ವೋ?”

“ನಾಲಾಯಕ್, ಬುಡೋ ಗಾಡಿನ!” ಅಂತ ಹಸೀನಾ ರೇಗಿದರೆ ಎಲ್ಲರೂ ನಗುತ್ತಿದ್ದರು.

ನಗುವಿನ ಕೆಳಗೆ ಒಂದು ಕಳ್ಳಾಟವೂ ಇತ್ತು. ಆ ಬಯಲಿನಲ್ಲಿ ಹೆಂಗಸರಿಗೆ ಹೊರಕಡೆಗೆ ಹೋಗಲು ಮರೆಯಿಲ್ಲ. ದೂರದ ಕಲ್ಲುಗುಡ್ಡೆ ದಾಟಿ ಹೋಗಬೇಕು. ಹೆಸರು ಕೂಗುವಾಗ ಅವಳು ಎಲ್ಲಿ ಅಂತ ಡ್ರೈವರ್, ಸೂಪರ್‌ವೈಸರ್ ಮುಂದೆ ಬಾಯಿ ಬಿಟ್ಟು ಹೇಳುವುದು ಹೇಗೆ? ಪಕ್ಕದಲ್ಲಿದ್ದವಳು ಹೋದವಳ ಪರವಾಗಿ “ನಾ” ಅಂದುಬಿಡುತ್ತಿದ್ದಳು. ಮಾನ ಉಳಿಸುವ ಉಪಕಾರ ಅಂತ ಎಲ್ಲರೂ ಒಪ್ಪಿದ್ದರು. ಇಡೀ ಮಾತಾಗಿದ್ದರೆ ದನಿ ಗುರುತು ಸಿಗುತ್ತಿತ್ತು. ಒಂದಕ್ಷರ ಯಾರ ಬಾಯಿಂದ ಬಂದರೂ ಒಂದೇ ಥರ.

ಆ ಬೇಸಿಗೆಯ ಒಂದು ದಿನ ಟ್ಯಾಂಕರ್ ತಡವಾಗಿ ಬಂತು. ಒಂಬತ್ತು ಗಂಟೆಗೇ ಬಿಸಿಲು ನೆತ್ತಿ ಸುಡುತ್ತಿತ್ತು. ಗಾಜು ಕಾಯುವುದರೊಳಗೆ ಮುಗಿಸಿ ಎಂದು ಸೂಪರ್‌ವೈಸರ್ ಅವಸರ ಮಾಡಿದರು. ಓಣಿ ಮುಗಿಯಿತು. ಹೆಸರು ಕೂಗಿದೆ. ಹನ್ನೆರಡು ‘ನಾ’ ಬಂದವು. ತಿಪ್ಪೇಶ ಗೇರ್ ಹಾಕಿದ.

ನನಗೊಂದು ಅಭ್ಯಾಸ. ಹೆಂಗಸರು ಟ್ಯಾಂಕರ್ ಪಕ್ಕದ ಕಂಬಿಗೆ ಒರಗಿಸಿದ ಕೋಲುಗಳನ್ನು ನಾನೇ ಎಣಿಸಿ ಕಟ್ಟಬೇಕು. ಗುಡ್ಡೆ ಕಡೆ ಹೋಗುವವಳೂ ಕೋಲನ್ನು ಅಲ್ಲಿ ಒರಗಿಸಿಯೇ ಹೋಗುತ್ತಿದ್ದಳು. ಅವತ್ತು ಎಣಿಸಿದೆ, ಹನ್ನೊಂದು. ಮತ್ತೊಮ್ಮೆ ಎಣಿಸಿದೆ. ಹನ್ನೊಂದೇ.

ಹೋಗಿ ಟ್ಯಾಂಕರ್ ಹಿಂದೆ ಓಣಿಯ ನಡುವೆ ನಿಂತು, ಅದರ ತಗಡಿಗೆ ಕೈಯಿಂದ ಬಡಿದೆ.

“ಆಚೆಗೆ ಬನ್ನಿ ಮೇಸ್ತ್ರಮ್ಮ! ಹನ್ನೆರಡೂ ಬಂತಲ್ಲ?” ತಿಪ್ಪೇಶ ಕಿರುಚಿದ.

“ಬಾಯಿ ಹನ್ನೆರಡು ಬಂತು, ಕೋಲು ಹನ್ನೊಂದೇ ಬಂದವೆ. ಇಂಜಿನ್ ಆರ್ಸಲಾ.”

“ಕೋಲು ತಾನೆ, ಎಲ್ಲೋ ಬಿದ್ದಿರ್ತದೆ. ಹೊತ್ತಾಯ್ತು,” ಎಂದರು ಸೂಪರ್‌ವೈಸರ್.

“ಇಂಜಿನ್ ಆರ್ಸು ಅಂದೆ ಕಣ್ಲಾ!”

ಆರಿಸಿದ. ನಾನು ಹೆಂಗಸರ ಕಡೆ ತಿರುಗಿದೆ. “ಯಾರ್ದು ಯಾರಂದ್ರಿ? ಈಗ್ಲೇ ಹೇಳ್ಬುಡಿ.”

ಹಸೀನಾ ಸೆರಗಿನ ತುದಿ ಹಿಡಿದುಕೊಂಡು, “ಪದ್ಮಕ್ಕಂದು ನಾನಂದೆ ಅಮ್ಮಾ. ಗುಡ್ಡೆ ಕಡೆ ಹೋಗವ್ಳೆ ಅನ್ಕೊಂಡೆ,” ಅಂದಳು.

“ಹೋಗಿದ್ದು ಕಂಡ್ಯಾ?”

“ಇಲ್ಲ.”

ಓಣಿಯಲ್ಲಿ ಹಿಂದಕ್ಕೆ ಒಂದೊಂದು ಟೇಬಲ್ ಕೆಳಗೂ ಬಗ್ಗಿ ನೋಡುತ್ತಾ ಹೋದೆವು. ಟ್ಯಾಂಕರ್‌ನಿಂದ ನಾಲ್ಕನೇ ಟೇಬಲ್‌ನ ನೆರಳಿನಲ್ಲಿ ಪದ್ಮಕ್ಕ ಬಿದ್ದಿದ್ದಳು. ತಲೆ, ಎದೆ ಒಳಗೆ. ಎರಡು ಕಾಲೂ ಓಣಿಯ ಚಕ್ರದ ಜಾಡಿನ ಮೇಲೆ. ಕೋಲು ಕೈಯಲ್ಲೇ ಇತ್ತು. ಮೈ ಕಾದ ಹೆಂಚಿನ ಹಾಗೆ ಸುಡುತ್ತಿತ್ತು, ಕರೆದರೆ ಎಚ್ಚರವಿಲ್ಲ.

ಅಳಲು ಶುರುಮಾಡಿದವರನ್ನು ಗದರಿ ಕೆಲಸಕ್ಕೆ ಹಚ್ಚಿದೆ. ಇಬ್ಬರು ಅವಳ ಸೀರೆ ಸಡಿಲಿಸಿದರು, ಇಬ್ಬರು ಟ್ಯಾಂಕರ್ ನೀರಿನಲ್ಲಿ ಬಟ್ಟೆ ನೆನೆಸಿ ಮೈಮೇಲೆ ಹಾಕಿದರು. ಸೂಪರ್‌ವೈಸರ್ ಜೀಪು ತರಿಸಿದರು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಡಾಕ್ಟರಮ್ಮ, “ಬೆಳಗ್ಗೆಯಿಂದ ಎಷ್ಟು ನೀರು ಕುಡಿದಿದ್ರು?” ಎಂದು ಕೇಳಿದರು. ಒಂದು ಲೋಟವೂ ಇಲ್ಲ. ಕುಡಿದರೆ ಗುಡ್ಡೆ ದಾಟಿ ಹೋಗಬೇಕಲ್ಲ, ಅದಕ್ಕೆ ಕುಡಿದಿರಲಿಲ್ಲ. ಟ್ಯಾಂಕರ್ ತುಂಬ ನೀರಿನ ಹಿಂದೆ ನಡೆಯುವ ಹೆಂಗಸು ಬಾಯಾರಿ ಬಿದ್ದಿದ್ದಳು.

ಮಧ್ಯಾಹ್ನದ ಮೇಲೆ ಪದ್ಮಕ್ಕ ಕಣ್ಣು ಬಿಟ್ಟು ಸುತ್ತ ನೋಡಿದಳು. “ನಾ ಚೆಪ್ಪು ಏದಿ?” ಅಂದಳು. ನನ್ನ ಚಪ್ಪಲಿ ಎಲ್ಲಿ ಅಂತ.

ಹಸೀನಾ ಅಳುತ್ತಲೇ ನಕ್ಕಳು. “ಹಾಂ, ಈಗ ಬಂತು ನೋಡಿ ಅವ್ಳದೇ ನಾ!”

ಮಾರನೆಯ ದಿನ ಸೂಪರ್‌ವೈಸರ್ ನನ್ನನ್ನು ಆಫೀಸಿಗೆ ಕರೆದರು. ತಿಪ್ಪೇಶನೂ ಅಲ್ಲಿದ್ದ. “ಸುಳ್ಳು ಹಾಜರಿ ಹೇಳಿದ ಹಸೀನಾಗೆ ಇನ್ನು ಬರಬೇಡ ಅನ್ನಿ,” ಎಂದರು.

“ಒಬ್ಳ ಬದ್ಲು ಇನ್ನೊಬ್ಳು ನಾ ಅನ್ನೋದು ನನಗೂ ಗೊತ್ತಿತ್ತು ಸಾರ್. ಗೊತ್ತಿದ್ದೂ ಸುಮ್ಕಿದ್ದೆ. ತೆಗೆಯೋದಾದ್ರೆ ಮೊದ್ಲು ನನ್ನ ತೆಗೀರಿ. ನಾವಿಬ್ರು ಹೋದ್ಮ್ಯಾಕೆ ಇನ್ನೊಬ್ಳು ಅಂಗೇ ಅಂತಾಳೆ. ಯಾಕಂತಾಳೆ ಅಂತ ಕೇಳಿ.”

“ಯಾಕೆ?”

ಹೇಳಿದೆ. ಬಚ್ಚಿಡದೆ, ಗಂಡಸರ ಮುಂದೆಯೇ. ತಿಪ್ಪೇಶ ನೆಲ ನೋಡಿದ. ಸೂಪರ್‌ವೈಸರ್ ಮೇಜಿನ ಮೇಲಿನ ಪೆನ್ನು ಎತ್ತಿ ಇಟ್ಟರು. “ಮೇಲಿನವರಿಗೆ ಬರೀತೀನಿ,” ಎಂದರು.

“ಬರೀರಿ. ಮರೆ ಕಟ್ಟೋಗಂಟ ಕೋಲು ಮುಟ್ಟಕ್ಕಿಲ್ಲ. ಹಸೀನಾನೂ ಇರ್ತಾಳೆ.”

ಹನ್ನೆರಡು ಕೋಲನ್ನೂ ಹಗ್ಗದಲ್ಲಿ ಕಟ್ಟಿ ಆಫೀಸಿನ ಬಾಗಿಲಿಗೆ ಅಡ್ಡ ಇಟ್ಟು ಬಂದೆವು. ಸೂಪರ್‌ವೈಸರ್ ನಾಲ್ಕು ದಿನ ಅದನ್ನು ದಾಟಿಕೊಂಡೇ ಓಡಾಡಿದರು. ಐದನೇ ದಿನ ತಗಡು ಬಂತು, ನೀರಿನ ಡ್ರಮ್ಮು ಬಂತು. ಓಣಿಗಳ ತುದಿಯಲ್ಲಿ ಚಿಲಕವಿರುವ ಒಂದು ಗೂಡು ಎದ್ದಿತು. ಹಸೀನಾಳ ಹೆಸರು ಹಾಜರಿ ಪುಸ್ತಕದಲ್ಲಿ ಇದ್ದ ಕಡೆಯೇ ಇತ್ತು.

ಅವತ್ತಿನಿಂದ ಬರೀ ‘ನಾ’ ನಿಲ್ಲಿಸಿದೆ. ತನ್ನ ಹೆಸರು ಹೇಳಬೇಕು, ಪಕ್ಕದವಳ ಕೈ ಮುಟ್ಟಿ ಅವಳ ಹೆಸರೂ ಹೇಳಬೇಕು. ಕಾಣದಿದ್ದರೆ ಕಾಣಲಿಲ್ಲ ಅನ್ನಬೇಕು, ಅಷ್ಟೇ. ಈ ಕೆಲಸ ನನಗೆ ಕಲಿಸಿದ್ದು ಇದೊಂದೇ: ಮುಂದಿರುವ ಅಕ್ಷರ ಕೇಳಿ ಗಾಡಿ ಬಿಡಬಾರದು, ಅದರ ಹಿಂದೆ ಯಾರಿದ್ದಾರೆ ಅಂತ ನೋಡಿ ಬಿಡಬೇಕು. ನೋಡದೆ ಬಿಟ್ಟ ದಿನಗಳು ನನ್ನ ಲೆಕ್ಕದಲ್ಲಿ ಎಷ್ಟೋ ಇವೆ. ಆ ದಿನಗಳಲ್ಲಿ ಯಾರ ಕಾಲೂ ಜಾಡಿನ ಮೇಲೆ ಇರಲಿಲ್ಲ, ಅದು ನನ್ನ ಜಾಣತನವಲ್ಲ.

ಹೋದ ವರ್ಷ ಮಂಡಿ ನೋವಿಗೆ ಕೆಲಸ ಬಿಟ್ಟೆ. ಮೇಸ್ತ್ರಿ ಯಾರಾಗಬೇಕೆಂದು ಕೇಳಿದಾಗ ಹಸೀನಾ ಅಂದೆ. ಅವಳು ಮೊದಲ ಸಲ ಹೆಸರು ಕೂಗುವಾಗ ನಾನು ಓಣಿಯ ತುದಿಯಲ್ಲಿ ನಿಂತಿದ್ದೆ. ಹೊಸದಾಗಿ ಸೇರಿದ ಯಾರೋ ಒಬ್ಬಳು ಮರೆಯಿಂದ “ನಾ” ಅಂದಳು.

ಹಸೀನಾ ಕೈ ಎತ್ತಿ ತಿಪ್ಪೇಶನನ್ನು ತಡೆದಳು. “ನಾ ಅಂದ್ರೆ ಏನೇ? ಮುಂದ್ಕೆ ಹೇಳೇ!”

ಇಂಜಿನ್ ಆರಿತು. ನಾನು ಮನೆಗೆ ಹೊರಟೆ.