ದುಬೈಗೆ ಬರೀ ಎರಡು ಗಂಟೆ

ಪರ್‌ರ್‌ರ್... ಬ್ರೌನ್ ಟೇಪ್ ಎಳೆಯುವ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಬೆಳಗಿನ ಆರು ಗಂಟೆ. ಕೋಟೇಶ್ವರದ ನಮ್ಮ ಮನೆಯ ಜಗಲಿಯಲ್ಲಿ ಮೀನು ಮಾರುವ ಹೆಂಗಸು ಥರ್ಮೋಕೋಲ್ ಡಬ್ಬ ಕಟ್ಟಲು ಕೂತಿದ್ದಳು. ಒಳಗೆ ಹೋಗಬೇಕಾದದ್ದು ಖಾರ ಹಚ್ಚಿ, ನನ್ನ ಫ್ರೀಜರ್‌ನಲ್ಲಿ ಕಲ್ಲಿನಂತೆ ಗಟ್ಟಿಯಾದ ಹದಿನೆಂಟು ಬಂಗುಡೆ.

ಅವು ದುಬೈಯಲ್ಲಿ ಮಗಳ ಮನೆಯಲ್ಲಿದ್ದ ನನ್ನ ಅಕ್ಕನಿಗೆ. ಆಪರೇಷನ್ ಆದ ಮೇಲೆ ಅವಳಿಗೆ ಊಟವೇ ಸೇರುತ್ತಿರಲಿಲ್ಲ. ಏನು ಬೇಕಾದರೂ ತಿನ್ನಿ ಎಂದು ಡಾಕ್ಟರು ಹೇಳಿದರೂ ಎರಡು ಚಮಚ ಗಂಜಿಗೇ ಮುಖ ತಿರುಗಿಸುತ್ತಿದ್ದಳಂತೆ. ದಿನದಿನಕ್ಕೆ ಇಳಿದುಹೋಗುತ್ತಿದ್ದಳು. "ನಮ್ಮೂರ್ ಬಂಗ್ಡಿ ಆರೆ ಎರ್ಡ್ ತಿಂತೆ ಕಾಣ್" ಎಂದು ಫೋನಿನಲ್ಲಿ ಹೇಳಿದ್ದೇ ತಡ, ನಾನು ಟಿಕೆಟ್ ಮಾಡಿಸಿದೆ.

"ಎಷ್ಟ್ ಗಂಟಿ ದಾರಿ ಅಮ್ಮಾ?" ಮೀನಿನವಳು ಕೇಳಿದಳು. ಅವಳ ಲೆಕ್ಕದಲ್ಲಿ ದೂರವೆಂದರೆ ಸುತ್ತುವ ಬಟ್ಟೆ: ಬ್ರಹ್ಮಾವರಕ್ಕೆ ಒಂದು ಸುತ್ತು, ಮಂಗಳೂರಿಗೆ ಎರಡು.

ಟಿಕೆಟ್ ನೋಡಿದೆ. ಹೊರಡುವುದು ಹನ್ನೊಂದಕ್ಕೆ, ತಲುಪುವುದು ಒಂದಕ್ಕೆ. "ಮಂಗಳೂರಿಂದ ಬರೀ ಎರಡು ಗಂಟೆ ಮಾರಾಯ್ತಿ. ಜಸ್ಟ್ ಟೂ ಅವರ್ಸ್!"

"ಬೊಂಬಾಯಿಗ್ ಹೋಪುಕೇ ಒಂದ್ ರಾತ್ರಿ ಬೇಕ್, ದುಬೈ ಎಂತ ಬೈಂದೂರಿನ್ ಆಚಿ ಬದಿ ಇತ್ತಾ?" ಎಂದು ನಕ್ಕು, ನಾಲ್ಕು ಹಳೆಯ ಕಾಟನ್ ಸೀರೆ ಸುತ್ತಿ ಟೇಪ್ ಹಾಕಿದಳು.

ಅವಳು ಗೇಟು ದಾಟಿದ್ದೇ ನಾನು ಟೇಪ್ ಬಿಚ್ಚಿ ಎರಡು ಸೀರೆ ತೆಗೆದುಬಿಟ್ಟೆ. ಓವರ್‌ವೆಯ್ಟ್ ಆಗಬಾರದಲ್ಲ!

ವಿಮಾನದಲ್ಲಿ ನನ್ನ ವಾಚ್ ಒಂದು ತೋರಿಸಿತು. ಕೆಳಗೆ ಇನ್ನೂ ಸಮುದ್ರವೇ. "ಆರ್ ವಿ ಲೇಟ್?" ಎಂದು ಏರ್‌ಹೋಸ್ಟೆಸ್ ಹುಡುಗಿಯನ್ನು ಕೇಳಿದೆ.

"ಇಲ್ಲ ಆಂಟಿ, ಇನ್ನೂ ಒಂದೂವರೆ ಗಂಟೆ ಇದೆ. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ ಅಲ್ವಾ?"

ಓ ಮೈ ಗಾಡ್! ಟಿಕೆಟಿನಲ್ಲಿದ್ದ ಒಂದು ಗಂಟೆ ದುಬೈಯದು. ಸುಮಾರು ಎರಡೂವರೆ ಸಾವಿರ ಕಿಲೋಮೀಟರ್, ಮೂರೂವರೆ ಗಂಟೆ. ಲಾಂಜಿಟ್ಯೂಡ್ ಪಾಠವನ್ನು ಕಾನ್ವೆಂಟಿನಲ್ಲಿ ಗಿಳಿಯಂತೆ ಒಪ್ಪಿಸಿದವಳು ನಾನು! ಉಳಿದ ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಕರಗುತ್ತಿದ್ದ ಬಂಗುಡೆಗಳೇ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ರವಿಕೆ ತೋಳಿನಲ್ಲಿ ಜೋಲುತ್ತಿತ್ತು. ಡಬ್ಬ ಬಿಚ್ಚಿದರೆ ನಡುವಿನವು ಗಟ್ಟಿಯಾಗಿದ್ದವು, ಅಂಚಿನ ಆರು ಮೆತ್ತಗಾಗಿದ್ದವು. ನನಗೆ ಅಳುವೇ ಬಂತು. ಎರಡು ಸೀರೆಯ ಕತೆ ಹೇಳಿಬಿಟ್ಟೆ.

ಅವಳು ಒಂದನ್ನು ಬೆರಳಲ್ಲಿ ಒತ್ತಿ, ಮೂಸಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿಂಗೆ ಕಾನ್ವೆಂಟಂಗೆ ಗಡಿಯಾರ ಕಾಂಬುಕೆ ಕಲ್ಸ್‌ಲಿಲ್ಯಾ? ಕರ್ಗಿದ್ದೇ ಲಾಯ್ಕ್ ಆಯ್ತ್ ಮಾರಾಯ್ತಿ, ಇಲ್ದಿರೆ ರಾತ್ರಿವರಿಗೆ ಕಾಯ್ಕಿತ್ತ್. ಕಾವ್ಲಿ ಇಡ್, ಬೇಗ!"

ಎರಡಲ್ಲ, ಮೂರು ತಿಂದಳು. ಮುಳ್ಳನ್ನು ಚೀಪಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟಳು. ಮರುದಿನ ಗಂಜಿಯನ್ನೂ ಕೇಳಿ ಹಾಕಿಸಿಕೊಂಡಳು.

ಮೂರು ವಾರ ಕಳೆದು ನಾನು ಹೊರಟಾಗ ಹಟ ಹಿಡಿದು ಏರ್‌ಪೋರ್ಟಿಗೆ ಬಂದಳು. ಗಾಜಿನ ಬಾಗಿಲ ಆಚೆ ನಿಂತು, ತುಂಬಿಕೊಂಡ ಕೆನ್ನೆಯನ್ನು ಎರಡು ಬೆರಳಲ್ಲಿ ಹಿಂಡಿ ನನಗೆ ತೋರಿಸಿದಳು. ನಾನು ಅವಳನ್ನು ಕೊನೆಯ ಸಲ ಕಂಡದ್ದು ಹಾಗೆ.