ಹೊಳೆಯನ್ನು ಆರಿಸಿಕೊಂಡ ವರ್ಷ

ಮೊನ್ನೆ ಮೂಡುಬಿದಿರೆ ಪೇಟೆಯಲ್ಲಿ, ಪದಬಂಧ ತುಂಬಿಸಲಿಕ್ಕೆಂದು ಒಂದು ಪೆನ್ಸಿಲ್ ತಂದೆ. ಮನೆಗೆ ಬಂದು ಹೆರೆದು ನೋಡಿದರೆ ಅದು ನಕ್ಷೆ ಬರೆಯುವ ಗಟ್ಟಿ ಮೊನೆಯ ಪೆನ್ಸಿಲ್. ಪತ್ರಿಕೆಯ ಮೇಲೆ ಅಕ್ಷರ ಮೂಡುವುದಿಲ್ಲ, ಕಾಗದವೇ ಹರಿಯುತ್ತದೆ. ಅಂಗಡಿಯವನನ್ನು ಮನಸ್ಸಿನಲ್ಲೇ ಬೈಯಲು ಹೊರಟಿದ್ದೆ, ಅಷ್ಟರಲ್ಲಿ ಹೆರೆದ ಮರದ ಸಿಪ್ಪೆಯ ವಾಸನೆ ಮೂಗಿಗೆ ಬಂತು. ಪದಬಂಧ ಅಲ್ಲಿಗೇ ಬಿಟ್ಟೆ. ನೀವೂ ಸ್ವಲ್ಪ ಕುಳಿತುಕೊಳ್ಳಿ. ಅರವತ್ತರ ದಶಕದ ಆರಂಭದಲ್ಲಿ ಭೂಗೋಳ ಎಂ.ಎ. ಓದುತ್ತಿದ್ದ ಒಬ್ಬ ಹುಡುಗಿಯ ಕಥೆ ಹೇಳುತ್ತೇನೆ. ಆ ಹುಡುಗಿ ನಾನೇ. ಈಗ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವವಳು ಎಂದು ಕಥೆಯಲ್ಲಿ ರಿಯಾಯಿತಿ ಕೊಡಬೇಕಾಗಿಲ್ಲ.

ನಮ್ಮ ಮನೆ ವೇಣೂರಿನ ಹತ್ತಿರ, ಫಲ್ಗುಣಿ ಹೊಳೆಯ ಬದಿಯಲ್ಲಿ. ಶಾಲೆಗೆ ಹೋಗಲು ಮರದ ಸಂಕ, ಅಂದರೆ ಕಾಲುಸೇತುವೆ, ದಾಟಬೇಕಿತ್ತು. ಪ್ರತಿ ಮಳೆಗಾಲದಲ್ಲಿ ಸಂಕ ಕೊಚ್ಚಿಹೋಗುವುದು, ಮಳೆ ಬಿಟ್ಟ ಮೇಲೆ ಹೊಸತು ಕಟ್ಟುವುದು ವಾಡಿಕೆ. ಆದರೆ ಹಳೆಯ ಜಾಗದಲ್ಲಿ ಕಟ್ಟಲಿಕ್ಕಾಗುತ್ತಿರಲಿಲ್ಲ, ಹೊಳೆ ಅಷ್ಟರಲ್ಲಿ ಸ್ವಲ್ಪ ಆಚೆಗೋ ಈಚೆಗೋ ಸರಿದಿರುತ್ತಿತ್ತು. ಎಲ್ಲಿ ಹೋಗಬೇಕೆಂದು ಹೊಳೆಗೆ ಹೇಳುವವರು ಯಾರು ಎಂದು ಒಮ್ಮೆ ಮೇಷ್ಟ್ರನ್ನು ಕೇಳಿದ್ದೆ. ಅವರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಶಿಕ್ಷೆಗೋ ಮೆಚ್ಚುಗೆಗೋ ಎಂದು ಇವತ್ತಿಗೂ ಗೊತ್ತಿಲ್ಲ. ಮೆಚ್ಚುಗೆಗೆ ಎಂದೇ ನಾನು ತೀರ್ಮಾನಿಸಿಕೊಂಡಿದ್ದೇನೆ.

ನಾನು ಎಂ.ಎ.ಗೆ ಸೇರಿದ ಘಟ್ಟದ ಮೇಲಿನ ವಿಶ್ವವಿದ್ಯಾಲಯದಲ್ಲಿ ತರಗತಿಗೆ ನಾನೊಬ್ಬಳೇ ಹುಡುಗಿ. ನಾನು ಬಾಯಿ ತೆರೆದರೆ ಉಳಿದವರು ನಗುತ್ತಿದ್ದರು. 'ಉಂಟು' ಎಂದರೆ ನಗು, 'ಎಂತದು' ಎಂದರೆ ಇನ್ನೂ ಜೋರು ನಗು. ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ. ಎರಡನೆಯ ವರ್ಷಕ್ಕೆ ಒಂದು ವಿಶೇಷ ವಿಷಯ ಆರಿಸಿಕೊಳ್ಳಬೇಕು. ನಾನು ಭೂರೂಪಶಾಸ್ತ್ರ ಎಂದೆ. ಬೆಟ್ಟ, ಕಣಿವೆ, ಹೊಳೆ ಇವೆಲ್ಲ ಹೇಗಾದವು ಎಂದು ಓದುವ ಶಾಸ್ತ್ರ ಅದು.

ನಮ್ಮ ಪ್ರೊಫೆಸರರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿ, ಬಹಳ ಮೃದುವಾಗಿ ಹೇಳಿದರು: "ನೋಡಮ್ಮ, ಊರು ಕೇರಿಗಳ ಭೂಗೋಳ ತಗೋ. ಲೈಬ್ರರಿಯಲ್ಲಿ ಕೂತೇ ಮಾಡಬಹುದು. ಭೂರೂಪ ಅಂದ್ರೆ ಬಿಸಿಲಲ್ಲಿ ಮೋಜಣಿ ಮಾಡ್ಬೇಕು, ಕಾಡುಮೇಡು ಅಲೀಬೇಕು. ಹುಡುಗರ ಜೊತೆ ನಿನ್ನನ್ನ ಹೇಗೆ ಕಳಿಸಲಿ?"

"ಹುಡುಗರ ಜೊತೆ ಬೇಡ ಸಾರ್. ನಮ್ಮ ಊರಿನಲ್ಲೇ ಹೊಳೆ ಉಂಟು," ಎಂದೆ.

ಅವರು ನಗಲಿಲ್ಲ, ಷರತ್ತು ಹೇಳಿದರು. ಬೇಸಿಗೆ ರಜೆಯಲ್ಲಿ ಒಂದು ಹೊಳೆಯ ಮೋಜಣಿ ಮಾಡಿ ನಕ್ಷೆ, ವರದಿ ತರಬೇಕು. ಬೇರೆ ವಿಶ್ವವಿದ್ಯಾಲಯದ ಪರೀಕ್ಷಕರು ಬಂದು ನೋಡುತ್ತಾರೆ, ಅವರು ಒಪ್ಪಿದರೆ ಸರಿ, ಇಲ್ಲವಾದರೆ ಲೈಬ್ರರಿ. ಮನೆಯವರು ಒಪ್ಪಬೇಕು, ಜೊತೆಗೆ ಹಿರಿಯರೊಬ್ಬರು ಇರಬೇಕು. ಮನೆಯವರು ಎಲ್ಲಿ ಒಪ್ಪುತ್ತಾರೆ ಎಂಬುದೇ ಅವರ ಧೈರ್ಯವಾಗಿತ್ತೋ ಏನೋ.

ನಮ್ಮದು ಅಳಿಯಕಟ್ಟಿನ ಮನೆ, ವಂಶ ನಡೆಯುವುದು ತಾಯಿಯ ಕಡೆಯಿಂದ. ಇಂಥ ವಿಷಯದಲ್ಲಿ ಕೊನೆಯ ಮಾತು ಅಪ್ಪನದಲ್ಲ, ಅಮ್ಮನ ತಮ್ಮನದು, ಅಂದರೆ ನನ್ನ ಮಾವನದು. ಊಟ ಮುಗಿಸಿ ಚಾವಡಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಮಾವನ ಎದುರು ನಿಂತು ವಿಷಯ ಹೇಳಿದೆ. ನಮ್ಮ ಮನೆಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಹೊಳೆಯನ್ನು ಅಳೆಯುವುದಾ? ಅದೇನು ಓಡಿಹೋಗ್ತದಾ?" ಎಂದು ಮಾವ ಕೇಳಿದರು.

"ಹೌದು ಮಾವ, ಸರಿಯುತ್ತದೆ. ಅದನ್ನೇ ಅಳೆಯುವುದು."

"ಮದುವೆ ಪ್ರಾಯಕ್ಕೆ ಬಂದ ಹುಡುಗಿ ಹೊಳೆಯಲ್ಲಿ ಕೋಲು ಹಿಡಿದು ತಿರುಗಿದರೆ ನೋಡಿದವರು ಎಂತ ಹೇಳಿಯಾರು? ಜೊತೆಗೆ ಯಾರು ಹೋಗುವುದು?"

ಆಗ ಒಳಗಿನಿಂದ ದೊಡ್ಡಮ್ಮನ ಧ್ವನಿ ಬಂತು: "ಯಾನ್ ಪೋಪೆ." ನಾನು ಹೋಗ್ತೇನೆ ಎಂದರ್ಥ.

ದೊಡ್ಡಮ್ಮ ಅಮ್ಮನ ಅಕ್ಕ, ಮಾವನಿಗಿಂತಲೂ ಹಿರಿಯರು, ಬೇಗ ಗಂಡನನ್ನು ಕಳೆದುಕೊಂಡವರು. ಗದ್ದೆ ನೋಡಿಕೊಳ್ಳುತ್ತಿದ್ದವರು ಅವರೇ. ಮಾವ ಮನೆಯ ಯಜಮಾನರಾಗಿದ್ದರೂ ಚಿಕ್ಕಂದಿನಲ್ಲಿ ಅವರನ್ನು ಮೀಯಿಸಿ, ತಲೆ ಬಾಚಿದವರು ದೊಡ್ಡಮ್ಮ. ಅಂಥವರ ಎದುರು ಯಜಮಾನಿಕೆ ಎಷ್ಟು ನಡೆದೀತು? ಮಾವ ಎಲೆಗೆ ಸುಣ್ಣ ಹಚ್ಚುತ್ತಾ ಒಂದೇ ಷರತ್ತು ಹಾಕಿದರು: "ಆಗಲಿ. ಆದರೆ ಆ ಪರೀಕ್ಷಕರು ಒಪ್ಪದಿದ್ದರೆ ಓದು ಸಾಕು, ಮನೆಗೆ ಬಾ. ಬೆಳ್ತಂಗಡಿಯ ಸಂಬಂಧ ಇನ್ನೂ ಕೈಬಿಟ್ಟಿಲ್ಲ."

ನನಗೆ ಆಗ ದೊಡ್ಡದರ ಮೇಲೆಯೇ ಕಣ್ಣು. ನೇತ್ರಾವತಿಯನ್ನೇ ಅಳೆಯುವ ಎಂದು ದೊಡ್ಡಮ್ಮನನ್ನು ಬಸ್ಸಿನಲ್ಲಿ ಬಂಟ್ವಾಳಕ್ಕೆ ಕರೆದುಕೊಂಡು ಹೋದೆ. ಪಾಣೆಮಂಗಳೂರು ಸೇತುವೆಯ ಮೇಲೆ ನಿಂತು ಅವರು ಸೆರಗಿನಿಂದ ಬೆವರು ಒರೆಸಿಕೊಂಡು ಆಚೆ ದಡ ನೋಡಿದರು. "ಇದು ಹೊಳೆಯಾ ಮಾರಾಯ್ತಿ, ಕಡಲಾ? ನಡೆ, ನಮ್ಮದನ್ನೇ ಅಳೆಯುವ. ಮಧ್ಯಾಹ್ನ ಮನೆಗೆ ಹೋಗಿ ಉಣ್ಣಬಹುದು." ಶಾಸ್ತ್ರೀಯ ಕಾರಣವಲ್ಲ, ಆದರೆ ಅದಕ್ಕಿಂತ ಒಳ್ಳೆಯ ಕಾರಣ ನನಗೂ ಸಿಗಲಿಲ್ಲ.

ವಿಭಾಗದಿಂದ ತಂದ ಪ್ಲೇನ್ ಟೇಬಲ್ ಎಂದರೆ ಮೂರು ಕಾಲಿನ ಮೇಲೆ ಕೂರಿಸಿದ ಮರದ ಹಲಗೆ. ಅದಕ್ಕೆ ಕಾಗದ ಅಂಟಿಸಿ, ಪಕ್ಕದಲ್ಲಿ ದಿಕ್ಸೂಚಿ ಇಟ್ಟು ದಿಕ್ಕು ಹೊಂದಿಸಿ, ದೂರದ ಗುರುತನ್ನು ಗುರಿಯಿಟ್ಟು ನೋಡುತ್ತಾ ಗೆರೆ ಎಳೆಯುವುದು. ಅದನ್ನು ದಡದಲ್ಲಿ ಊರಿದ ದಿನವೇ ಹಿರಿಯರೊಬ್ಬರು ಬಿಳಿ ಶಾಲು ಹೊದ್ದು, ತಲೆ ಬಾಚಿಕೊಂಡು ಬಂದು ಎದುರು ನಿಂತರು. ಕ್ಯಾಮರಾ ಎಂದುಕೊಂಡಿದ್ದರು. ಫೋಟೊ ಅಲ್ಲವೆಂದು ತಿಳಿದ ಮೇಲೆ ಅವರ ಮುಖ ಬಾಡಿತು, ಆಮೇಲೆ ಸಂಶಯ ಹುಟ್ಟಿತು.

"ಡ್ಯಾಮು ಕಟ್ಟುತ್ತಾರಾ? ನಮ್ಮ ಜಾಗ ಹೋಗ್ತದಾ?"

ಕೆಂಪು ಬಿಳಿ ಪಟ್ಟೆಯ ಕೋಲು ಹಿಡಿದು ನೀರಿನ ನಡುವೆ ನಿಂತಿದ್ದ ದೊಡ್ಡಮ್ಮ ಅಲ್ಲಿಂದಲೇ ಕೂಗಿದರು: "ಹೋಗುವುದಿದ್ದರೆ ಮೊದಲು ನಮ್ಮ ಗದ್ದೆ ಹೋದೀತು ಮಾರಾಯ್ರೇ! ನೀವು ಸ್ವಲ್ಪ ಬದಿಗೆ ನಿಲ್ಲಿ, ಹುಡುಗಿಗೆ ಕೋಲು ಕಾಣುವುದಿಲ್ಲ."

ಒಂದು ದಿನದ ಕೆಲಸ ಪೂರ್ತಿ ತಪ್ಪಿತು. ಯಾವ ಗೆರೆಯೂ ಸೇರಬೇಕಾದಲ್ಲಿ ಸೇರಲಿಲ್ಲ. ನಾನು ಅಳುವುದೊಂದು ಬಾಕಿ. ಬಂಡೆಯ ಮೇಲೆ ಕೂತು ದಿಕ್ಸೂಚಿಯನ್ನೇ ನೋಡುತ್ತಿದ್ದಾಗ ದೊಡ್ಡಮ್ಮ ಸಮಾಧಾನ ಹೇಳಲು ಹತ್ತಿರ ಬಂದರು, ಮುಳ್ಳು ಅವರ ಕಡೆಗೆ ತಿರುಗಿತು. ಅವರು ಹಿಂದೆ ಸರಿದರೆ ಅದೂ ಹಿಂದೆ. ಪೊದೆ ಸವರಲೆಂದು ಅವರು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕತ್ತಿಯ ಕಬ್ಬಿಣ ಅದನ್ನು ಎಳೆಯುತ್ತಿತ್ತು! ಇಬ್ಬರೂ ನೀರಿನಲ್ಲಿ ಕಾಲು ಇಳಿಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮರುದಿನದಿಂದ ಕತ್ತಿ ಮನೆಯಲ್ಲೇ ಉಳಿಯಿತು.

ಆ ಬೇಸಿಗೆಯ ದೊಡ್ಡ ಖುಷಿ ಸಿಕ್ಕಿದ್ದು ಹೊಳೆಯಲ್ಲಲ್ಲ, ಹೊಳೆಗಿಂತ ಬಹಳ ಎತ್ತರದ ಗುಡ್ಡದ ಬದಿಯಲ್ಲಿ. ದಾರಿಗೆಂದು ಕಡಿದ ಮಣ್ಣಿನ ಗೋಡೆಯಲ್ಲಿ ಉರುಟು ಕಲ್ಲುಗಳ ಒಂದು ಸಾಲು ಕಂಡೆ. ಹೊಳೆಯಲ್ಲಿ ಉರುಳಿ ಉರುಳಿ ದುಂಡಾಗಿ ನುಣ್ಣಗಾದಂಥ ಕಲ್ಲುಗಳು, ಮನುಷ್ಯರು ತಂದು ಇಟ್ಟದ್ದಲ್ಲ, ಮಣ್ಣಿನೊಳಗೇ ಹೂತವು. ಅಂದರೆ ಎಷ್ಟೋ ಕಾಲದ ಹಿಂದೆ ಫಲ್ಗುಣಿ ಇಲ್ಲಿ, ಈ ಎತ್ತರದಲ್ಲಿ ಹರಿದಿದೆ. ಆಮೇಲೆ ನೆಲ ಕೊರೆಯುತ್ತಾ ಕೆಳಗಿಳಿದಿದೆ. ನಾನು ಆ ಗೋಡೆಗೆ ಕೈಯಿಟ್ಟು ಎಷ್ಟು ಹೊತ್ತು ನಿಂತಿದ್ದೆನೋ. ಬೇರೆ ವಿಷಯ ಓದುವುದು ಇನ್ನು ನನ್ನಿಂದಾಗದು ಎಂದು ಆಗ ಖಚಿತವಾಯಿತು.

ರಜೆ ಮುಗಿಸಿ ನಾನು ವಿಶ್ವವಿದ್ಯಾಲಯಕ್ಕೆ ಮರಳಿದ ಮೇಲೆ ಪರೀಕ್ಷಕರು ಬಂದರು. ಎತ್ತರದ ಆಳು, ಮಾತು ಕಡಿಮೆ. ನನ್ನ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದರು: "ಚೆನ್ನಾಗಿದೆ. ಯಾರು ಮಾಡಿಕೊಟ್ಟರು?"

"ನಾನೇ ಮಾಡಿದ್ದು ಸಾರ್."

"ಹಾಗಾದ್ರೆ ಹೊರಗೆ ಬನ್ನಿ."

ಅಂಗಳದಲ್ಲಿ ಪ್ಲೇನ್ ಟೇಬಲ್ ಇಡಿಸಿದರು. ಊರಿನ ನಕ್ಷೆಯೊಂದನ್ನು ಅದರ ಮೇಲೆ ಹಾಸಿ, ನೀರಿನ ಟ್ಯಾಂಕು, ಇಗರ್ಜಿಯ ಶಿಖರ, ಬೆಟ್ಟದ ಗುಡಿ ಈ ಮೂರನ್ನು ತೋರಿಸಿದರು. ಆ ಮೂರರ ಕಡೆಗೆ ಗುರಿಯಿಟ್ಟು ಗೆರೆ ಎಳೆದು, ನಾವು ನಿಂತ ಜಾಗ ನಕ್ಷೆಯಲ್ಲಿ ಎಲ್ಲಿ ಎಂದು ಹೇಳಬೇಕು. ಕೆಲಸ ಸರಿಯಿದ್ದರೆ ಗೆರೆಗಳು ಒಂದೇ ಬಿಂದುವಿನಲ್ಲಿ ಸೇರುತ್ತವೆ, ಇಲ್ಲವಾದರೆ ನಡುವೆ ತ್ರಿಕೋನ ಉಳಿಯುತ್ತದೆ. ತರಗತಿಯ ಹುಡುಗರೆಲ್ಲ ಜಗಲಿಯ ಮೇಲೆ ಸಾಲಾಗಿ ನಿಂತರು.

ಎಳೆದೆ. ತ್ರಿಕೋನ ಬಂತು. ಸಣ್ಣದಲ್ಲ, ನಾಚಿಕೆಯಾಗುವಷ್ಟು ದೊಡ್ಡದು. ಜಗಲಿಯಲ್ಲಿ ಯಾರೋ ಕಿಸಕ್ಕೆಂದರು. ಬೆಳ್ತಂಗಡಿಯ ಸಂಬಂಧ ಕಣ್ಣೆದುರು ಬಂದು ನಿಂತಿತು. ಗೆರೆಗಳನ್ನು ಅಳಿಸಿ ದಿಕ್ಸೂಚಿಯತ್ತ ಬಗ್ಗಿದೆ. ಮುಳ್ಳು ನಿಂತ ರೀತಿ ಸರಿಯಿಲ್ಲ ಎನಿಸಿತು. ತಲೆ ಎತ್ತಿ ಸುತ್ತ ನೋಡಿದೆ. ಪಕ್ಕದ ಮರಕ್ಕೆ ಹುಡುಗರ ಸೈಕಲ್ಲುಗಳು ಒರಗಿದ್ದವು, ಒಂದರ ಮೇಲೊಂದು.

"ಸಾರ್, ಆ ಸೈಕಲ್ಲುಗಳನ್ನು ದೂರ ಇಡಿಸಬೇಕು. ಅಲ್ಲಿ ಕಬ್ಬಿಣ ಉಂಟು," ಎಂದೆ.

ಈ ಸಲ 'ಉಂಟು' ಎಂದಾಗ ಯಾರೂ ನಗಲಿಲ್ಲ. ಪರೀಕ್ಷಕರು ಕೈ ಬೀಸಿದರು. ನಕ್ಕವರೇ ಇಳಿದು ಬಂದು ಸೈಕಲ್ಲು ತಳ್ಳಿಕೊಂಡು ಹೋದರು. ಮುಳ್ಳು ಮೆಲ್ಲನೆ ತಿರುಗಿ ನಿಂತಿತು. ಹಲಗೆ ಸರಿಪಡಿಸಿ ಮತ್ತೆ ಎಳೆದೆ. ಮೊದಲ ಗೆರೆ, ಎರಡನೆಯದು. ಮೂರನೆಯದು ಅವೆರಡೂ ಕೂಡಿದಲ್ಲಿಗೇ ಬಂದು, ಅಲ್ಲಿಯೇ ಹಾದುಹೋಯಿತು.

ಪರೀಕ್ಷಕರು ಬಗ್ಗಿ ನೋಡಿದರು, ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದರು. ಆಮೇಲೆ ಪ್ರೊಫೆಸರರ ಕಡೆ ತಿರುಗಿ, "ಈಕೆಯನ್ನ ಲೈಬ್ರರೀಲಿ ಕೂರಿಸ್ಬೇಕು ಅಂತಿದ್ರಾ?" ಎಂದರು. ಪ್ರೊಫೆಸರರು ನಕ್ಕುಬಿಟ್ಟರು. ಹುಡುಗರು ಚಪ್ಪಾಳೆ ತಟ್ಟಿದರು. ನಾನು ಮಾತ್ರ ಗಂಭೀರವಾಗಿ ಪೆನ್ಸಿಲ್ ಹೆರೆಯುತ್ತಾ ನಿಂತೆ.

ಮರುವರ್ಷ ಇನ್ನಿಬ್ಬರು ಹುಡುಗಿಯರು ಭೂರೂಪಶಾಸ್ತ್ರ ಆರಿಸಿಕೊಂಡರು. ಅವರನ್ನು ಯಾರೂ ಏನೂ ಕೇಳಲಿಲ್ಲ. ಮಾವ ಬೆಳ್ತಂಗಡಿ ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ, "ನಮ್ಮ ಹುಡುಗಿ ಹೊಳೆಯ ಜಾತಕ ಬರೆದಿದ್ದಾಳೆ," ಎಂದು ಹೇಳುತ್ತಾ ತಿರುಗಿದರಂತೆ, ಆ ಸಂಬಂಧದವರಿಗೂ ಸೇರಿಸಿ. ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಕೋಲು ಹಿಡಿದದ್ದು ಯಾರು ಅಂತ ಕೇಳಿದರಾ?"

"ಕೇಳಲಿಲ್ಲ ದೊಡ್ಡಮ್ಮ. ಆದರೆ ವರದಿಯ ಮೊದಲ ಪುಟದಲ್ಲೇ ನಿಮ್ಮ ಹೆಸರು ಬರೆದಿದ್ದೇನೆ."

"ನನಗೆ ಓದಲಿಕ್ಕೆ ಬರುವುದಿಲ್ಲ. ತೋರಿಸು, ಎಲ್ಲಿ ಉಂಟು?" ಎಂದರು. ನಾನು ತೋರಿಸಿದ ಅಕ್ಷರಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು.

ಇಷ್ಟು ಬರೆಯುವಷ್ಟರಲ್ಲಿ ತಂಗಿಯ ಮಗಳು ಫೋನು ಮಾಡಿದಳು. ಭಾನುವಾರ ಕಾರು ತರುತ್ತಾಳೆ. ಪ್ರತಿ ಸಲ ಎಲ್ಲಿಗೆ ಎಂದು ಕೇಳುತ್ತಾಳೆ, ನನ್ನಿಂದ ಎಲ್ಲಿಗೂ ಆಗುವುದಿಲ್ಲ, ಇಲ್ಲೇ ಕೂತು ಮಾತಾಡುವ ಎನ್ನುತ್ತೇನೆ. ಅವಳು ಈ ಸಲವೂ ಅದೇ ಉತ್ತರಕ್ಕೆ ಕಾಯುತ್ತಿದ್ದಳು.

"ವೇಣೂರಿಗೆ ಹೋಗುವ," ಎಂದೆ. "ಒಂದು ಗುಡ್ಡ ಹತ್ತಲಿಕ್ಕುಂಟು."

"ಗುಡ್ಡವಾ? ದೊಡ್ಡಮ್ಮ, ನಿಮ್ಮ ಕಾಲು?"

"ಕಾಲು ನನ್ನ ಜೊತೆಗೇ ಬರ್ತದೆ ಮಾರಾಯ್ತಿ. ನೀನು ಬೆಳಿಗ್ಗೆ ಬೇಗ ಬಾ."