ಮುಧೋಳಕ್ಕೆ ಮಗ್ಗದ ಸದ್ದು

ಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದವನು ನಾನು. ಯಾವುದನ್ನು ಶುರು ಮಾಡಿದರೂ ಅದನ್ನು ನಿಲ್ಲಿಸುವ ಹೊತ್ತು ಮೊದಲೇ ಗೊತ್ತಿರಬೇಕು. ನಿವೃತ್ತಿಯಾಗಿ ಬನಹಟ್ಟಿಯಲ್ಲಿ ತಮ್ಮನ ಜೊತೆ ಇರಲು ಬಂದ ಮೇಲೂ ಏಳುವುದಕ್ಕೆ, ನಡೆಯುವುದಕ್ಕೆ, ರೊಟ್ಟಿಗೆ, ಪತ್ರಿಕೆಗೆ ಒಂದೊಂದು ಹೊತ್ತು. ಹೊರಗೆ ಹೊರಟರೆ ಪ್ರತಿ ಕೋಣೆಯ ಸ್ವಿಚ್ಚು ಆರಿಸಿಯೇ ಚಪ್ಪಲಿ ಮೆಟ್ಟುತ್ತೇನೆ. ಇಂಥ ಮನೆಗೆ ಎಂದೂ ಆರದ ಯಂತ್ರವೊಂದು ಬಂದು ಕೂತಿತು.

ತಂದವಳು ತಮ್ಮನ ಮಗಳು. ಬೀಳಗಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಕೀಲು ಮುರಿದ ತನ್ನ ಹಳೆಯ ಲ್ಯಾಪ್‌ಟಾಪನ್ನು ನಮ್ಮ ಮಗ್ಗದ ಕೋಣೆಯ ಗೂಡಿನಲ್ಲಿಟ್ಟು, ಅದಕ್ಕೊಂದು ಸಣ್ಣ ಮೈಕು ಸಿಕ್ಕಿಸಿದಳು. ಅದೆಲ್ಲ ನಮ್ಮ ಅಕ್ಕನಿಗಾಗಿ. ಮುಧೋಳಕ್ಕೆ ಕೊಟ್ಟ ನಮ್ಮಕ್ಕನಿಗೆ ಈಚೆಗೆ ಎರಡೂ ಕಣ್ಣು ಹೋಗಿವೆ. ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾಳೆ, ಟಿವಿಯೂ ಇದೆ. ಆದರೆ ಟಿವಿಯೆಂದರೆ ಅವಳಿಗೆ ಯಾರದೋ ಮನೆಯ ಜಗಳ. ಒಮ್ಮೆ ತಮ್ಮನ ಮಗಳ ಮುಂದೆ ಹೇಳಿದಳಂತೆ, "ಈ ಮನಿ ಭಾಳ ಸುಮ್ಮನೈತಿ ತಂಗಿ. ಮಗ್ಗ ಇಲ್ಲದ ಮನ್ಯಾಗ ಹೊತ್ತ ಎಲ್ಲಿಗೆ ಬಂತು ತಿಳಿಯಂಗಿಲ್ಲ." ಮಗ್ಗದ ಮನೆಯಲ್ಲಿ ಹುಟ್ಟಿ, ಮಗ್ಗದ ಸದ್ದಿನಲ್ಲೇ ನಿದ್ದೆ ಮಾಡಿ ಬೆಳೆದವಳು. ಹಾಗಾಗಿ ನಮ್ಮ ನಾಲ್ಕು ಪವರ್‌ಲೂಮುಗಳ ಸದ್ದು ಇಂಟರ್ನೆಟ್ಟಿನಲ್ಲಿ ಹರಿದು ಅಕ್ಕನ ತಲೆದಿಂಬಿನ ಪಕ್ಕದ ಸ್ಪೀಕರಿನಲ್ಲಿ ಕೇಳುವ ಏರ್ಪಾಡಾಯಿತು.

"ಇದು ಇನ್ನ ಮ್ಯಾಲ ಲ್ಯಾಪ್‌ಟಾಪ್ ಅಲ್ರಿ ದೊಡ್ಡಪ್ಪ, ಸರ್ವರ್. ಹಗಲೂ ರಾತ್ರಿ ಚಾಲೂ ಇರಬೇಕು. ಬಂದ್ ಮಾಡಬ್ಯಾಡ್ರಿ" ಎಂದಳು ಹುಡುಗಿ.

"ಇಷ್ಟಕ್ಕ ಒಂದ ಹಳೇ ಫೋನ್ ಸಾಲದೇನವಾ?"

"ಫೋನ್ ಇಟ್ರ ಅಪ್ಪ ಕಿಸೇದಾಗ ಹಾಕ್ಕೊಂಡ ಪ್ಯಾಟಿಗೆ ಹೋಗ್ತಾರ್ರಿ."

"ರಾತ್ರಿ ಮಗ್ಗ ನಿಂತ ಮ್ಯಾಲರ ಆರಸಬಹುದಲ್ಲ?"

"ಮುಂಜಾನಿ ಹಚ್ಚೂದು ಮರತ್ರ?"

ಮಗ್ಗದ ಹಿಂದಿನಿಂದ ತಮ್ಮ ನಕ್ಕ. "ಅಣ್ಣ ಹಚ್ಚೂದು ಮರೀಬಹುದು, ಆರಸೂದು ಮಾತ್ರ ಎಂದೂ ಮರಿಯಾಂವಲ್ಲ. ಅದ ತ್ರಾಸು!"

ತ್ರಾಸು ನನಗೇ ಆಯಿತು. ಸಾವಧಾನ್ ಎಂದ ಮೇಲೆ ವಿಶ್ರಾಮ್ ಎನ್ನದೆ ಹುಡುಗರನ್ನು ಬಿಸಿಲಲ್ಲಿ ನಿಲ್ಲಿಸಿ ಮರೆತುಬಿಟ್ಟಂತೆ ಅನಿಸುತ್ತಿತ್ತು. ಪತ್ರಿಕೆ ಓದುತ್ತ ಕೂತವನು ಎದ್ದು ಹೋಗಿ ಅದರ ಬೆನ್ನ ಮೇಲೆ ಅಂಗೈ ಇಡುತ್ತಿದ್ದೆ. ಬಿಸಿ. ಸ್ವಲ್ಪ ಹೊತ್ತಿಗೆ ಮತ್ತೆ ಹೋಗಿ ಇಟ್ಟರೆ ಇನ್ನೂ ಬಿಸಿ. ಕೋಣೆಯ ತುಂಬ ನೂಲಿನ ಧೂಳು ಹಾರುತ್ತದೆ. ಅದು ಲ್ಯಾಪ್‌ಟಾಪಿನ ಕಿಂಡಿಗಳಲ್ಲಿ ಅರಳೆಯ ಹಾಗೆ ಕಟ್ಟಿಕೊಂಡು ಒಳಗಿನ ಫ್ಯಾನು ಏದುಸಿರು ಬಿಡುತ್ತಿತ್ತು. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆದರೆ ಮರುದಿನ ಮತ್ತೆ ಅಷ್ಟೇ. ಗೋಡೆಗೆ ಒರಗಿಸಿದ ನೂಲಿನ ಗಂಟುಗಳನ್ನು ಗೂಡಿನಿಂದ ದೂರ ಸರಿಸಿದೆ. ಕೆಲಸದವರು ತಂದು ಮತ್ತೆ ಅಲ್ಲೇ ಇಟ್ಟರು. ಬೆಳಗಿನ ನಡಿಗೆಯನ್ನು ಅರ್ಧಕ್ಕೇ ಮುಗಿಸಿ ತಿರುಗಿ ಬರಲು ಶುರುಮಾಡಿದೆ. ಬೀಗರ ಮನೆಯ ಕಾರ್ಯಕ್ಕೆ ಹುನ್ನೂರಿಗೆ ಹೋದಾಗಲೂ ಊಟದ ಎಲೆಯ ಮುಂದೆ ಕೂತು ಗೂಡನ್ನೇ ನೆನೆಯುತ್ತಿದ್ದೆ.

ಅಕ್ಕ ಮಾತ್ರ ಗೆಲುವಾಗಿದ್ದಳು. ದಿನಕ್ಕೊಮ್ಮೆ ಫೋನು ಬರುತ್ತಿತ್ತು. "ಬಾಗಲ ಕಡೀ ಮಗ್ಗ ಇವತ್ತ ತಡಾ ಹಚ್ಚೀರಿ ಯಾಕ? ಅಂವ ಮತ್ತ ಚಾದಂಗಡ್ಯಾಗ ಕುಂತಿದ್ದೇನು?" ತಮ್ಮನನ್ನು ಮುಧೋಳದಿಂದಲೇ ಕಾಯುತ್ತಿದ್ದಳು.

ಒಂದು ಮುಂಜಾನೆ ಮಗ್ಗದ ಕೋಣೆಯಲ್ಲಿ ಏನೋ ಕಮಟು ವಾಸನೆ ಬಂತು. ಯಾವುದೋ ಮೋಟರು ಸುಡುತ್ತಿದೆ ಎಂದುಕೊಂಡ ತಮ್ಮ ಒಂದೊಂದೇ ಮಗ್ಗ ನಿಲ್ಲಿಸುತ್ತ, ಬಗ್ಗಿ ಮೂಸುತ್ತ ಬಂದ. ನಾಲ್ಕೂ ನಿಂತವು. ವಾಸನೆ ಗೂಡಿನ ಕಡೆಯಿಂದ ಬರುತ್ತಿದೆ ಎಂದು ತಿಳಿದಾಗ "ಅಣ್ಣಾ! ಅಣ್ಣಾ!" ಎಂದು ಚೀರಿದ. ನಾನು ಓಡಿ ಬಂದು ನೋಡಿದರೆ ಲ್ಯಾಪ್‌ಟಾಪಿನ ಹೊಟ್ಟೆ ಉಬ್ಬಿ ಬಿರಿಯುವಂತಾಗಿತ್ತು. ಒಂದು ಮಾತೂ ಆಡದೆ ವೈರು ಕಿತ್ತು, ಗುಂಡಿ ಒತ್ತಿ ಹಿಡಿದು ಆರಿಸಿ, ಅಂಗಳಕ್ಕೆ ತಂದು ಕಲ್ಲಿನ ಮೇಲಿಟ್ಟೆ.

"ಬಾವ್ಯಾಗ ಒಗದ ಬಿಡಲೇನು?" ಎಂದ ತಮ್ಮ.

"ಲೇ, ಅದು ಅಕ್ಕನ ಕಿವಿ. ಒಗಿಬ್ಯಾಡ."

ಅದು ತಣ್ಣಗಾಗುವವರೆಗೆ ಕಾದು, ಸ್ಟೀಲಿನ ಹಿಟ್ಟಿನ ಡಬ್ಬಿಯಲ್ಲಿಟ್ಟು ಜಮಖಂಡಿಗೆ ಹೊರಟೆ. ಬಸ್ಸು ಹತ್ತುವ ಮುಂಚೆ ಫೋನು ಆರಿಸಿದೆ. ಪ್ರಯಾಣದಲ್ಲಿ ಫೋನು ಬೇಡವೆಂಬುದು ನನ್ನ ನಿಯಮ. ತಮ್ಮ ಮತ್ತೆ ಮಗ್ಗ ಹಚ್ಚಿದ. ಅವನ ಫೋನು ಗೂಟಕ್ಕೆ ಹಾಕಿದ ಅಂಗಿಯ ಕಿಸೆಯಲ್ಲಿತ್ತು. ಆ ಸದ್ದಿನಲ್ಲಿ ಅದು ಎಷ್ಟು ಕೂಗಿದರೂ ಯಾರಿಗೂ ಕೇಳುವುದಿಲ್ಲ. ತಮ್ಮನ ಹೆಂಡತಿ ಅಂದು ಚಿಮ್ಮಡದ ತವರಿಗೆ ಹೋಗಿದ್ದಳು.

ಅಂಗಡಿಯವನು ಡಬ್ಬಿಯ ಮುಚ್ಚಳ ತೆಗೆದು ನಕ್ಕ. "ಹಿಟ್ಟ ಬೀಸಾಕ ತಂದೀರೇನ್ರಿ ಸರ್?" ಒಳಗಿರುವುದನ್ನು ನೋಡಿದ ಮೇಲೆ ನಗಲಿಲ್ಲ. ಸದಾ ಚಾರ್ಜಿಗೆ ಹಚ್ಚಿಟ್ಟು, ಮೇಲೆ ಆ ಬಿಸಿಯೂ ಸೇರಿದರೆ ಬ್ಯಾಟರಿ ಹೀಗೇ ಉಬ್ಬುತ್ತದಂತೆ. ಬ್ಯಾಟರಿ ತೆಗೆದು, ಒಳಗಿನ ಧೂಳು ಊದಿಸಿ, ಬರೀ ವೈರಿನ ಮೇಲೆ ನಡೆಸಿ ತೋರಿಸಿದ. "ಇನ್ನ ಕರೆಂಟ್ ಹೋದ್ರ ಇದೂ ಹೋಗ್ತೈತ್ರಿ, ಅಷ್ಟ."

ತಿರುಗಿ ಬಂದಾಗ ಬಾಗಿಲಲ್ಲಿ ಬಾಡಿಗೆ ಗಾಡಿ ನಿಂತಿತ್ತು. ಒಳಗೆ ಮಗ್ಗದ ಪಕ್ಕದ ಕುರ್ಚಿಯಲ್ಲಿ ಅಕ್ಕ, ಅವಳ ಹಿಂದೆ ಸೊಸೆ. ತಮ್ಮ ಮೂಲೆಯಲ್ಲಿ ನಿಂತಿದ್ದ. "ನಾ ಬೈಸ್ಕೊಂಡ ಆತು ಅಣ್ಣಾ. ಉಳದದ್ದು ನಿಂದು."

"ಬಂದೇನ ಲೇ?" ಎಂದಳು ಅಕ್ಕ. "ಸತ್ತಿಲ್ಲ ಅಂತ ಒಂದ ಮಾತ ಹೇಳಾಕ ಏನ ಬ್ಯಾನಿ ನಿನಗ?"

ನನಗೆ ತಲೆಬುಡ ತಿಳಿಯಲಿಲ್ಲ. ಸೊಸೆ ಹೇಳಿದಳು. ನಮ್ಮ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಮಣ್ಣು ಮಾಡಿ ಬರುವವರೆಗೆ ಮಗ್ಗ ನಡೆಸುವುದಿಲ್ಲ. ಸುದ್ದಿ ತಿಳಿದ ಮನೆಯವರು ಒಂದೊಂದೇ ನಿಲ್ಲಿಸುತ್ತಾರೆ. ಅಕ್ಕ ಮುಧೋಳದಲ್ಲಿ ಕೂತು ಕೇಳಿದ್ದು ಅದನ್ನೇ.

"ಕರೆಂಟ್ ಹೋದ್ರ ಎಲ್ಲಾ ಒಮ್ಮೇ ನಿಂದರತಾವು. ಇವು ಒಂದೊಂದ ನಿಂತೂ" ಎಂದಳು ಅಕ್ಕ. "ಅಮಾಸಿ ಅಲ್ಲ, ಹಬ್ಬ ಅಲ್ಲ. ಆಮ್ಯಾಲ ಈ ಮೂಳ ಅಣ್ಣಾ ಅಣ್ಣಾ ಅಂತ ಒದರಿದ. ನಿನ್ನ ದನಿ ಇಲ್ಲ. ಅಷ್ಟರಾಗ ದಿಂಬಿನ ಬಾಜೂಕಿನ ಪೆಟಗಿನೂ ಸತ್ತಿತು. ಫೋನ್ ಮಾಡಿದ್ರ ಒಬ್ಬರೂ ಎತ್ತವಲ್ಲಿರಿ. ನಾ ಏನ ತಿಳೀಲಿ?"

"ಓಣಿ ಬಾಯಿತನಕ ಅತಗೊಂತ ಬಂದಾರ್ರಿ ಮಾವಾ" ಎಂದಳು ಸೊಸೆ. "ಅಲ್ಲಿ ಗಾಡಿ ಕಾಚ ಇಳಿಸಿದೆ. ಮಗ್ಗದ ಸಪ್ಪಳ ಕೇಳ್ತು. ಯಾರೂ ಸತ್ತಿಲ್ಲ ಅಂದ್ರು. ಅಲ್ಲಿಂದ ಬೈಯಾಕ ಹತ್ತ್ಯಾರ."

ಅಕ್ಕ ಕೈ ಚಾಚಿದಳು. ಹತ್ತಿರ ಹೋದೆ. ನನ್ನ ಮುಖ, ಹೆಗಲು ತಡವಿ, ಕೊನೆಗೆ ಬೆನ್ನಿಗೊಂದು ಗುದ್ದಿದಳು. ವಯಸ್ಸಾದ ಕೈಯಾದರೂ ಜೋರಾಗಿಯೇ ಬಿತ್ತು.

ಊಟವಾದ ಮೇಲೆ ನಾನು ಮೆಲ್ಲಗೆ ಮಾತು ತೆಗೆದೆ. "ಬೆಂಕಿ ಭಯ ಐತಿ ಅಕ್ಕಾ. ಇದನ್ನ ಇಲ್ಲಿಗೇ ಬಿಡೂಣು." ಖರೆ ಹೇಳುವುದಾದರೆ ಬೆಂಕಿಗಿಂತ ಹೆಚ್ಚಾಗಿ ಅದರ ಕಾವಲು ನನಗೆ ಸಾಕಾಗಿತ್ತು.

ಅವಳು ಮಗ್ಗಗಳ ಕಡೆ ಮುಖ ತಿರುಗಿಸಿದಳು. "ನಿನಗ ಬ್ಯಾಸರಾಗಿದ್ರ ಬಿಡಪಾ. ನನಗ ಮತ್ತ ಆ ಸುಮ್ಮನ ಮನಿ."

ನಾನು ಎದ್ದು ಲ್ಯಾಪ್‌ಟಾಪನ್ನು ಗೂಡಿನಲ್ಲಿಟ್ಟು ವೈರು ಸಿಕ್ಕಿಸಿದೆ. ನೂಲಿನ ಗಂಟುಗಳನ್ನು ಎದುರು ಗೋಡೆಗೆ ಹೊತ್ತು ಹಾಕಿದೆ. ಸದ್ದಿನಿಂದಲೇ ಅವಳಿಗೆ ತಿಳಿಯಿತು.

"ಕರೆಂಟ್ ಹೋಗಿ ಆರಿದ್ರ ಆರ್ಲಿ, ಗುರುತ ಹಿಡೀತೀನಿ. ನೀ ಕೈಲೆ ಆರಸೂದಾದ್ರ ಹೇಳಿ ಆರಸು. ಫೋನಿನ್ಯಾಗ ಬ್ಯಾಡ, ನಿನ್ನ ಫೋನಿನ ಹಣೇಬರಾ ನೋಡೇನಿ. ಅದರ ಮುಂದ ನಿಂತ ಹೇಳು."

ಮುಂದಿನ ವಾರ ಧೂಳು ತೆಗೆಯಲು ಅದನ್ನು ಆರಿಸಬೇಕಾಯಿತು. ಎಲ್ಲಿಗೆ ಹೋಗುತ್ತೇನೆ, ಯಾವಾಗ ಬರುತ್ತೇನೆ ಎಂದು ನಾನು ಯಾರಿಗೂ ಹೇಳಿದವನಲ್ಲ. ಕೆಲಸದವರು ನೋಡುತ್ತಿದ್ದರು. ಗಂಟಲು ಸರಿಮಾಡಿಕೊಂಡು ಮೈಕಿಗೆ ಬಾಗಿದೆ. "ಅಕ್ಕಾ, ನಾನು. ಎಲ್ಲಾರೂ ಆರಾಮ ಅದೇವಿ. ಧೂಳ ತಗೀಬೇಕು, ಅದಕ್ಕ ಆರಸಾಕತ್ತೇನಿ. ತಾಸಿನ್ಯಾಗ ಹಚ್ಚತೇನಿ."

ಈ ಯಂತ್ರದಲ್ಲಿ ಅತ್ತಲಿಂದ ಮರುದನಿ ಬರುವುದಿಲ್ಲ. ಅವಳು ಕೇಳಿದಳೋ, ಆಗಲೇ ಎದ್ದು ಬಚ್ಚಲಿಗೆ ಹೋಗಿದ್ದಳೋ ತಿಳಿಯದು. ಅದೇ ಮಾತನ್ನು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಆಮೇಲೂ ಬೆರಳು ಗುಂಡಿಯ ಮೇಲೇ ಇತ್ತು, ಒತ್ತಲಾಗಲಿಲ್ಲ.